ಗಾಜಿನಲ್ಲಿ ಕಂಡ ನೀರು

ಕಳೆದ ಚಳಿಗಾಲದ ಒಂದು ಭಾನುವಾರ ಮಗನನ್ನು ಕರೆದುಕೊಂಡು ರೇವಾಡಿಗೆ ಹೋಗಿದ್ದೆ. ಗುರುಗ್ರಾಮದಲ್ಲಿರುವ ನಮಗೆ ಅದು ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. 1893ರಲ್ಲಿ ಕಟ್ಟಿದ ಅಲ್ಲಿನ ಸ್ಟೀಮ್ ಲೋಕೋ ಶೆಡ್ ಇವತ್ತಿಗೂ ಉಳಿದಿದೆ. ಹಳೆಯ ಉಗಿ ಎಂಜಿನ್‌ಗಳನ್ನು ಅಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಹಿಂದಿ ಸಿನಿಮಾಗಳಲ್ಲಿ ಕಾಣಿಸಿಕೊಂಡ 'ಅಕ್ಬರ್' ಎಂಬ ಡಬ್ಲ್ಯು.ಪಿ. ಎಂಜಿನ್ ಕೂಡ ಅಲ್ಲಿಯದೇ.

ಆ ದಿನ ನಮ್ಮ ಅದೃಷ್ಟಕ್ಕೆ ಒಂದು ಎಂಜಿನ್‌ಗೆ ಬೆಂಕಿ ಹಾಕಿದ್ದರು. ಮಗನನ್ನು ಮೇಲೆ ಹತ್ತಿಸಿಕೊಂಡ ಸಿಬ್ಬಂದಿಯೊಬ್ಬರು ನಮ್ಮ ಎದುರಿಗೇ ಒಂದು ಕೆಲಸ ಮಾಡಿದರು. ಬಾಯ್ಲರ್‌ನ ಹಿಂಭಾಗದಲ್ಲಿ ನಿಂತ ಗಾಜಿನ ಕೊಳವೆಯಲ್ಲಿ ಅರ್ಧಕ್ಕಿಂತ ಮೇಲೆ ನೀರು ಕಾಣುತ್ತಿತ್ತು. ಅವರು ಅದರ ಕೆಳಗಿನ ನಲ್ಲಿ ತಿರುಗಿಸಿದರು. ಭುಸ್ ಎಂದು ಉಗಿ ಹಾರಿತು, ಗಾಜು ಖಾಲಿಯಾಯಿತು. ಮೇಲಿನ ದಾರಿ ಮುಚ್ಚಿ ಕೆಳಗಿನದನ್ನು ನೋಡಿದರು, ಕೆಳಗಿನದನ್ನು ಮುಚ್ಚಿ ಮೇಲಿನದನ್ನು ನೋಡಿದರು. ಆಮೇಲೆ ಎಲ್ಲ ಮೊದಲಿನಂತೆ ಇಟ್ಟಾಗ ನೀರು ಚಿಮ್ಮಿ ಬಂದು ಹಳೆಯ ಮಟ್ಟದಲ್ಲೇ ನಿಂತಿತು. ಮಗ ಕೇಳಿದ: "ಅಪ್ಪಾ, ನೀರು ಕಾಣ್ತಾನೇ ಇತ್ತಲ್ಲ, ಸುಮ್ಮನೆ ಯಾಕೆ ಚೆಲ್ಲಿದ್ರು?"

ನನಗೆ ಉತ್ತರ ಗೊತ್ತಿತ್ತು. ಅದು ಎಂ.ಟೆಕ್. ಓದಿನಿಂದ ಬಂದದ್ದಲ್ಲ, ತಾಯಿಯ ತಂದೆಯಿಂದ ಬಂದದ್ದು. ಅಜ್ಜ ಹುಬ್ಬಳ್ಳಿಯಲ್ಲಿ ಮೀಟರ್‌ಗೇಜ್ ಕಾಲದ ಫೈರ್‌ಮನ್, ಕೊನೆಗೆ ಡ್ರೈವರ್ ಆಗಿ ನಿವೃತ್ತರಾದವರು. ರಜೆಯಲ್ಲಿ ನಾನು ಇದೇ ಪ್ರಶ್ನೆ ಕೇಳಿದಾಗ ಅವರು ಹೇಳಿದ್ದು: "ಗಾಜಿನ್ಯಾಗ ನೀರು ಕಂಡ್ರ ಸಾಲೂದಿಲ್ಲ ತಮ್ಮಾ. ಅದು ಈಗಿನ ನೀರೋ ಆಗಿನ ನೀರೋ ಅಂತ ಕೇಳಬೇಕು."

ಮಗನಿಗೆ ಅದನ್ನೇ ಹೇಳಿದೆ. ವಾಪಸು ಬರುವಾಗ ಅವನು ನಿದ್ದೆ ಹೋದ. ನನಗೆ ಮಾತ್ರ ಅಜ್ಜನ ಮಾತು ದಾರಿಯುದ್ದಕ್ಕೂ ಕುಟುಕುತ್ತಿತ್ತು. ಯಾಕೆ ಎಂದು ಹೇಳುವ ಮೊದಲು ಎಂಜಿನ್‌ನಲ್ಲಿ ನೀರು ಹರಿಯುವ ದಾರಿಯನ್ನು ಸ್ವಲ್ಪ ವಿವರಿಸಬೇಕು.

ಎಂಜಿನ್ ಹಿಂದಿನ ಟೆಂಡರ್‌ನಲ್ಲಿ ಕಲ್ಲಿದ್ದಲಿನ ಜೊತೆಗೆ ನೀರಿನ ಟ್ಯಾಂಕ್ ಇರುತ್ತದೆ. ಅಲ್ಲಿಂದ ನೀರು ಜಾಲರಿಯೊಂದನ್ನು ದಾಟಿ, ಪೈಪಿನಲ್ಲಿ ಹರಿದು ಇಂಜೆಕ್ಟರ್‌ಗೆ ಬರುತ್ತದೆ. ಈ ಇಂಜೆಕ್ಟರ್ ಒಂದು ಚಮತ್ಕಾರ. ಫ್ರಾನ್ಸಿನ ಆನ್ರಿ ಜಿಫಾರ್ 1858ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇದರಲ್ಲಿ ಪಿಸ್ಟನ್ ಇಲ್ಲ, ಚಕ್ರ ಇಲ್ಲ. ಬಾಯ್ಲರ್‌ನದೇ ಉಗಿ ಒಂದು ಕಿರಿದಾದ ಕೋನ್ ಮೂಲಕ ನುಗ್ಗಿ, ನೀರನ್ನು ಎಳೆದುಕೊಂಡು, ತಾನೂ ತಣಿದು ನೀರಾಗಿ, ಅದೇ ವೇಗದಲ್ಲಿ ಅದೇ ಬಾಯ್ಲರ್‌ನೊಳಕ್ಕೆ ತಳ್ಳುತ್ತದೆ. ಆದರೆ ಕೋನಿನ ಬಾಯಿ ಸಣ್ಣದು. ಟ್ಯಾಂಕಿನ ತಳದ ತುಕ್ಕು, ಕಲ್ಲಿದ್ದಲಿನ ಚೂರು, ಗಡಸು ನೀರು ಬಿಟ್ಟ ಸುಣ್ಣದ ಪದರ, ಯಾವುದಾದರೂ ಸಾಕು, ಇಂಜೆಕ್ಟರ್ ಹಿಡಿಯುವುದಿಲ್ಲ. ನೀರು ಬಾಯ್ಲರ್‌ಗೆ ಹೋಗುವ ಬದಲು ಹಳಿಯ ಮೇಲೆ ಸುರಿಯುತ್ತದೆ. ಅದಕ್ಕೇ ನೀರುಣಿಸುವ ಸಾಧನ ಯಾವಾಗಲೂ ಎರಡಿರಬೇಕು ಎಂಬ ನಿಯಮ.

ನೀರು ಒಳಗೆ ಹೋಗದಿದ್ದರೆ ಏನಾಗುತ್ತದೆ? ಬೆಂಕಿಗೂಡಿನ ತಲೆಯ ಮೇಲೆ ಒಂದು ಉಕ್ಕಿನ ಹಾಳೆ ಇದೆ. ಅದರ ಕೆಳಗೆ ಧಗಧಗಿಸುವ ಬೆಂಕಿ, ಮೇಲೆ ನೀರು. ಡಬ್ಲ್ಯು.ಪಿ.ಯಂಥ ಎಂಜಿನ್‌ನಲ್ಲಿ ಉಗಿಯ ಒತ್ತಡ ಚದರ ಇಂಚಿಗೆ 210 ಪೌಂಡ್. ಆ ಒತ್ತಡದಲ್ಲಿ ನೀರು ಸುಮಾರು 200 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಂಕಿ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಹಾಳೆ ಮೆತ್ತಗಾಗದೆ ಉಳಿದಿರುವುದು ತಲೆಯ ಮೇಲಿನ ನೀರು ಶಾಖವನ್ನು ಹೀರಿಕೊಳ್ಳುತ್ತಿರುವುದರಿಂದ ಮಾತ್ರ. ನೀರು ಹಾಳೆಗಿಂತ ಕೆಳಗಿಳಿದರೆ ಅದು ಕೆಂಪಗೆ ಕಾದು, ಬಾಗಿ, ಹರಿಯುತ್ತದೆ. ಬಾಯ್ಲರ್‌ನ ಬಿಸಿನೀರು ಉಗಿಯ ಸಮೇತ ಒಮ್ಮೆಗೇ ಬೆಂಕಿಗೂಡಿನ ಬಾಗಿಲಿನಿಂದ ಹೊರನುಗ್ಗುತ್ತದೆ. ಆ ಬಾಗಿಲಿನ ಎದುರಿಗೆ ನಿಂತವನೇ ಫೈರ್‌ಮನ್.

ಆದ್ದರಿಂದ ಅವನ ಜೀವ ಗಾಜಿನ ಕೊಳವೆಯ ಮೇಲೆ ನಿಂತಿದೆ. ಅದು ಮೇಲೊಂದು, ಕೆಳಗೊಂದು ಸಣ್ಣ ದಾರಿಯಿಂದ ಬಾಯ್ಲರ್‌ಗೆ ಸೇರಿದೆ. ದಾರಿಗಳು ತೆರೆದಿದ್ದರೆ ಒಳಗಿನ ಮಟ್ಟವೇ ಹೊರಗೆ. ಸುಣ್ಣ ಕಟ್ಟಿ ದಾರಿ ಮುಚ್ಚಿತೆನ್ನಿ, ಆಗ ಗಾಜು ಖಾಲಿಯಾಗಬೇಕು, ನಮಗೆ ಗೊತ್ತಾಗಬೇಕು ಎಂದುಕೊಳ್ಳುತ್ತೇವೆ. ಆಗುವುದು ತಿರುಗಾಮುರುಗಾ. ಮೇಲಿನ ದಾರಿ ಮುಚ್ಚಿದರೆ ಗಾಜಿನಲ್ಲಿ ಸಿಕ್ಕಿಕೊಂಡ ಉಗಿ ತಣಿದು ಒತ್ತಡ ಇಳಿಯುತ್ತದೆ, ಕೆಳಗಿನಿಂದ ನೀರು ಮೇಲೇರುತ್ತದೆ. ಕೆಳಗಿನ ದಾರಿ ಮುಚ್ಚಿದರೆ ಹಳೆಯ ನೀರು ಅಲ್ಲೇ ನಿಂತಿರುತ್ತದೆ, ಉಗಿ ತಣಿದಂತೆ ನಿಧಾನವಾಗಿ ಹೆಚ್ಚುತ್ತಲೂ ಹೋಗುತ್ತದೆ. ಕಟ್ಟಿಕೊಂಡ ದಾರಿ ಒಳಗೆ ನೀರಿಲ್ಲದಿದ್ದಾಗಲೂ ನೀರು ತುಂಬಿದೆ ಎಂದೇ ಹೇಳುತ್ತದೆ.

ಇದು ಬರೀ ಪಾಠದ ಮಾತಲ್ಲ. 1995ರ ಜೂನ್ 16ರ ಸಂಜೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಗಾರ್ಡ್‌ನರ್ಸ್ ಎಂಬ ಊರಿನ ಹತ್ತಿರ, ಗೆಟಿಸ್‌ಬರ್ಗ್ ರೈಲ್‌ರೋಡ್‌ನ ಪ್ರವಾಸಿ ರೈಲೊಂದು ಹೋಗುತ್ತಿತ್ತು. ಎಳೆಯುತ್ತಿದ್ದದ್ದು ಕೆನಡಾದಲ್ಲಿ 1948ರಲ್ಲಿ ತಯಾರಾದ 1278ನೇ ನಂಬರಿನ ಉಗಿ ಎಂಜಿನ್. ಹಿಂದೆ ಸುಮಾರು 300 ಪ್ರಯಾಣಿಕರು. ಬೆಂಕಿಗೂಡಿನ ಮೇಲಿನ ಹಾಳೆ ಹರಿದು ಎಂಜಿನ್ ಮೇಲಿದ್ದ ಮೂವರೂ ಸುಟ್ಟುಕೊಂಡರು, ಡ್ರೈವರ್ ತೀವ್ರವಾಗಿ. ತನಿಖೆ ಹೇಳಿದ್ದು: ನೀರು ಕಡಿಮೆಯಾಗಿತ್ತು, ಮಟ್ಟ ತೋರಿಸುವ ಗಾಜಿನ ದಾರಿಗಳಲ್ಲಿ ಸುಣ್ಣದ ಪದರ ಕಟ್ಟಿತ್ತು, ಬಾಯ್ಲರ್ ತೊಳೆಯುವುದರಲ್ಲಿ, ನೀರನ್ನು ಸಂಸ್ಕರಿಸುವುದರಲ್ಲಿ, ಸಿಬ್ಬಂದಿಗೆ ಕಲಿಸುವುದರಲ್ಲಿ ಕೊರತೆಯಿತ್ತು. ಯಾರೂ ಸಾಯದೆ ಉಳಿದದ್ದಕ್ಕೆ ಒಂದು ಕಾರಣ, ಹಾಳೆ ಒಮ್ಮೆಗೇ ಕಿತ್ತುಹೋಗದ ಹಾಗೆ ಅದರ ಬೋಲ್ಟ್‌ಗಳನ್ನು ಹಾಕಿದ್ದ ರೀತಿ. ಸುಮಾರು ಅರ್ಧ ಶತಮಾನದ ಹಿಂದೆ ಯಾರೋ ಮಾಡಿದ್ದ ಶಿಸ್ತಿನ ಕೆಲಸ ಆ ಸಂಜೆ ಮೂವರನ್ನು ಉಳಿಸಿತು. 1999ರಲ್ಲಿ ಅಮೆರಿಕ ಉಗಿ ಎಂಜಿನ್‌ಗಳ ತಪಾಸಣೆಯ ನಿಯಮಗಳನ್ನೇ ಹೊಸದಾಗಿ ಬರೆಯಿತು.

ಈಗ ನನ್ನನ್ನು ಕುಟುಕುತ್ತಿದ್ದ ಪ್ರಶ್ನೆಗೆ ಬರುತ್ತೇನೆ. ಇಂಥ ಯಾವುದೇ ಅವಘಡದ ನಂತರ ಯಾರಾದರೊಬ್ಬರು ಹೇಳುವ ಮಾತು: "ನನಗೆ ಗೊತ್ತಿರಲಿಲ್ಲ." ಆ ಮಾತು ನಿಜವೇ ಇರಬಹುದು. ಆದರೆ ಗೊತ್ತಾಗಬೇಕಾದ ದಾರಿಯನ್ನು ನಾನೇ ಕಟ್ಟಿಕೊಳ್ಳಲು ಬಿಟ್ಟಿದ್ದರೆ, ಗೊತ್ತಿಲ್ಲದಿರುವುದು ನಿರಪರಾಧವೇ?

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ 'ದಿ ಎಥಿಕ್ಸ್ ಆಫ್ ಬಿಲೀಫ್' ಎಂಬ ಪ್ರಬಂಧ ಬರೆದ. ಅದು ಒಬ್ಬ ಹಡಗಿನ ಮಾಲೀಕನ ಕಥೆಯಿಂದ ಶುರುವಾಗುತ್ತದೆ. ಹಡಗು ಹಳೆಯದು, ರಿಪೇರಿ ಬೇಕೆಂಬ ಅನುಮಾನ ಅವನಿಗಿದೆ. ಆದರೆ ಇಷ್ಟು ಸಲ ಕ್ಷೇಮವಾಗಿ ಬಂದಿದೆ, ಈ ಸಲವೂ ಬರುತ್ತದೆ ಎಂದು ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತಾನೆ. ಕೊನೆಗೆ ಪ್ರಾಮಾಣಿಕವಾಗಿಯೇ ನಂಬುತ್ತಾನೆ. ವಲಸೆ ಹೊರಟ ಕುಟುಂಬಗಳನ್ನು ಹೊತ್ತ ಹಡಗು ನಡುಗಡಲಲ್ಲಿ ಮುಳುಗುತ್ತದೆ. ಅವನ ನಂಬಿಕೆ ಎಷ್ಟೇ ಪ್ರಾಮಾಣಿಕವಾಗಿರಲಿ, ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಡಗು ಕ್ಷೇಮವಾಗಿ ದಡ ಸೇರಿದ್ದರೂ ತಪ್ಪು ತಪ್ಪೇ, ಸಿಕ್ಕಿಬೀಳುತ್ತಿರಲಿಲ್ಲ ಅಷ್ಟೆ.

ಮಾಲೀಕನಿಗಾದರೂ ಒಂದು ಅನುಮಾನವಿತ್ತು, ಅವನು ಅದನ್ನು ಅದುಮಿದ. ನಮ್ಮಂಥವರದು ಇನ್ನೂ ಸುಲಭದ ದಾರಿ. ಅನುಮಾನವೇ ಹುಟ್ಟದಂತೆ ನೋಡಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನನ್ನ ತಂಡ ಒಂದು ಗ್ರಾಹಕ ಸಂಸ್ಥೆಯ ಗುತ್ತಿಗೆ ಕಾರ್ಮಿಕರ ಹಾಜರಿ ಲೆಕ್ಕದ ವ್ಯವಸ್ಥೆ ನೋಡಿಕೊಳ್ಳುತ್ತಿತ್ತು. ಪ್ರತಿರಾತ್ರಿ ಬ್ಯಾಕಪ್ ಆಗುತ್ತಿತ್ತು. ಪ್ರತಿ ಬೆಳಿಗ್ಗೆ 'ಸಕ್ಸೆಸ್' ಎಂಬ ಈಮೇಲ್ ಬರುತ್ತಿತ್ತು. ಬಂದದ್ದು ನೇರ ಒಂದು ಫೋಲ್ಡರ್‌ಗೆ ಹೋಗುವಂತೆ ನಾನೇ ಮಾಡಿಟ್ಟಿದ್ದೆ. ವಾರದ ವರದಿಯಲ್ಲಿ ಬ್ಯಾಕಪ್ ಎದುರಿಗೆ ಹಸಿರು ಬಣ್ಣ. ತಂಡದಲ್ಲಿ ಸೇರಿ ವರ್ಷವೂ ಆಗಿರದ ಹುಡುಗಿಯೊಬ್ಬಳು ಒಂದು ದಿನ ಹೇಳಿದಳು: "ಸರ್, ಬ್ಯಾಕಪ್ ಫೈಲ್ ಸೈಜ್ ದಿನಾ ಒಂದೇ ಇದೆ, ಸ್ವಲ್ಪಾನೂ ಹೆಚ್ಚಾಗ್ತಿಲ್ಲ." ರಿಲೀಸ್ ಹತ್ತಿರವಿತ್ತು. "ಮುಂದಿನ ಸ್ಪ್ರಿಂಟ್‌ನಲ್ಲಿ ನೋಡೋಣ" ಎಂದೆ. ಮುಂದಿನ ಸ್ಪ್ರಿಂಟ್‌ನಲ್ಲಿ ಬೇರೆ ಏನೋ ಇತ್ತು.

ಸರ್ವರ್ ಬದಲಾಯಿಸಿದಾಗ ಡೇಟಾ ಇರುವ ಜಾಗ ಬದಲಾಗಿತ್ತು, ಬ್ಯಾಕಪ್‌ಗೆ ಅದು ತಿಳಿದಿರಲಿಲ್ಲ. ಅದು ಪ್ರತಿರಾತ್ರಿ ಹಳೆಯ ಫೋಲ್ಡರನ್ನೇ ನಿಷ್ಠೆಯಿಂದ ನಕಲು ಮಾಡಿ, ಕೆಲಸ ಮುಗಿಯಿತೆಂದು ನನಗೆ ತಿಳಿಸುತ್ತಿತ್ತು. ಆಗಿನ ನೀರು. ಡಿಸ್ಕ್ ಕೆಟ್ಟ ದಿನ ನೋಡಿದರೆ ಒಂದು ತಿಂಗಳ ಹಾಜರಿಯೇ ಇಲ್ಲ. ಗೇಟಿನ ರಿಜಿಸ್ಟರ್‌ಗಳಿಂದ ಮತ್ತೆ ಕೂಡಿಸಲು ಮೂರು ವಾರ ಹಿಡಿಯಿತು. ಅಷ್ಟು ದಿನ ಆ ಕಾರ್ಮಿಕರಿಗೆ ಸಂಬಳ ತಡವಾಯಿತು. ರಿಜಿಸ್ಟರ್‌ನಲ್ಲಿ ಬರೆದಿರದ ಓವರ್‌ಟೈಮ್ ಹೋಯಿತು. ನನ್ನ ಸಂಬಳ ತಿಂಗಳ ಕೊನೆಯ ದಿನ ಸರಿಯಾಗಿ ಬಂತು.

ಇದಕ್ಕಿಂತ ಹೇಳಲು ಕಷ್ಟದ ಭಾಗ ಮುಂದಿದೆ. ಕಾರಣಗಳ ವರದಿ ಬರೆದವನು ನಾನೇ. 'ಬ್ಯಾಕಪ್ ಟೂಲ್‌ನ ಮಿತಿ' ಎಂದು ಬರೆದೆ, ಅದರ ಕೆಳಗೆ 'ಗಮನಿಸಿದ ದೋಷವನ್ನು ಲಿಖಿತವಾಗಿ ದಾಖಲಿಸಿರಲಿಲ್ಲ' ಎಂದೂ ಸೇರಿಸಿದೆ. ಎರಡೂ ಸುಳ್ಳಲ್ಲ. ಎರಡನೆಯ ಸಾಲು ಯಾರ ಕಡೆ ಬೆರಳು ಮಾಡುತ್ತದೆಂದು ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ಏನೂ ಹೇಳಲಿಲ್ಲ. ಆರು ತಿಂಗಳಿಗೆ ಕೆಲಸ ಬಿಟ್ಟಳು.

ಸರ್ವರ್ ಮತ್ತು ಬ್ಯಾಕಪ್ ನಡುವಿನ ದಾರಿ ಮುಚ್ಚಿದ್ದು ಯಾರಿಗಾದರೂ ಆಗಬಹುದಾದ ತಪ್ಪು. ನಾನು ಮುಚ್ಚಿದ್ದು ಅವಳ ಬಾಯಿಯಿಂದ ನನ್ನ ಕಿವಿಗೆ ಬರುವ ದಾರಿ. ಅದನ್ನು ಒಂದು ದಿನ ಮುಚ್ಚಿದ್ದೂ ಅಲ್ಲ. ಸುಣ್ಣ ಕಟ್ಟುವ ಹಾಗೆ, ಒಂದೊಂದು 'ಆಮೇಲೆ ನೋಡೋಣ'ಕ್ಕೆ ಒಂದೊಂದು ಪದರ.

ಎಲ್ಲವನ್ನೂ ಪರೀಕ್ಷಿಸುತ್ತ ಕೂತರೆ ರೈಲು ಹೊರಡುವುದು ಯಾವಾಗ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕ್ಲಿಫರ್ಡ್‌ನ ಮಾತನ್ನು ಅಕ್ಷರಶಃ ಹಿಡಿದರೆ ಯಾರೂ ಲಿಫ್ಟ್ ಹತ್ತುವಂತಿಲ್ಲ, ಹೋಟೆಲಿನ ಇಡ್ಲಿ ತಿನ್ನುವಂತಿಲ್ಲ. ಬೇರೆಯವರ ಕೆಲಸವನ್ನು ನಂಬದೆ ಬದುಕು ಇಲ್ಲ. ಆದರೆ ರೈಲ್ವೆಯವರು ಎಂಜಿನ್‌ನ ಪ್ರತಿ ಬೋಲ್ಟನ್ನೂ ದಿನಾ ಬಿಚ್ಚಿ ನೋಡುತ್ತಿರಲಿಲ್ಲ. ಗಾಜಿನ ದಾರಿಯನ್ನು ಮಾತ್ರ ಪ್ರತಿಸಲ ಕೆಲಸಕ್ಕೆ ಹತ್ತಿದಾಗಲೂ ತೆರೆದು ನೋಡುತ್ತಿದ್ದರು. ಬೇರೆ ಭಾಗ ಕೆಟ್ಟರೆ ಸದ್ದು ಮಾಡುತ್ತದೆ, ಸೋರುತ್ತದೆ, ನಿಲ್ಲುತ್ತದೆ. ಕೆಟ್ಟ ಸುದ್ದಿ ತರಬೇಕಾದ ಭಾಗ ಕೆಟ್ಟರೆ ಒಳ್ಳೆಯ ಸುದ್ದಿಯನ್ನೇ ತರುತ್ತದೆ. ಆದ್ದರಿಂದ ಎಲ್ಲವನ್ನೂ ನೋಡಲಾಗದಿದ್ದಾಗ ಮೊದಲು ನೋಡಬೇಕಾದದ್ದು ಅದನ್ನೇ. ಆ ದಾರಿಯ ಇನ್ನೊಂದು ತುದಿಯಲ್ಲಿ ನನಗಿಂತ ಬೆಂಕಿಗೆ ಹತ್ತಿರ ನಿಂತವರಿದ್ದರಂತೂ ಖಂಡಿತ.

ಇನ್ನೊಂದು ಮಾತು. ಗಾಜನ್ನು ಪರೀಕ್ಷಿಸುವುದು ಫೈರ್‌ಮನ್‌ನ ಕೆಲಸ. ಆದರೆ ಬಾಯ್ಲರನ್ನು ಎಷ್ಟು ದಿನಕ್ಕೊಮ್ಮೆ ತಣ್ಣಗಾಗಿಸಿ ತೊಳೆಯಬೇಕು ಎಂದು ನಿರ್ಧರಿಸುವವನು ಅವನಲ್ಲ. ತೊಳೆಯುವ ದಿನ ಎಂಜಿನ್ ಓಡುವುದಿಲ್ಲ, ಕಾಸು ತರುವುದಿಲ್ಲ. ಅಜ್ಜನಿಗೆ ಇದರ ಸಿಟ್ಟು ಕೊನೆಯವರೆಗೂ ಇತ್ತು. "ತೊಳಿಯಾಕ ಟೈಮ್ ಕೊಡಂಗಿಲ್ಲ, ಆಮ್ಯಾಲ ಹೊಲಸು ಅದ ಅಂತ ನಮಗ ಬೈತಾರ" ಎನ್ನುತ್ತಿದ್ದರು. ಚಿಕ್ಕವನಿದ್ದಾಗ ಅದು ಮುದುಕರ ಗೊಣಗಾಟ ಅನಿಸಿತ್ತು. ಈಗ ಆ ಟೈಮ್ ಕೊಡುವ ಕುರ್ಚಿಯಲ್ಲಿ ನಾನೇ ಕೂತಿದ್ದೇನೆ.

ರೇವಾಡಿಯಿಂದ ಬಂದ ವಾರ ಆ ಹುಡುಗಿಗೆ ಬರೆದೆ. ಅವಳು ಈಗ ಚೆನ್ನೈಯಲ್ಲಿ ಒಂದು ತಂಡವನ್ನು ನಡೆಸುತ್ತಾಳೆ. ನೀನು ಹೇಳಿದ್ದೆ, ನಾನು ಕೇಳಲಿಲ್ಲ, ವರದಿಯಲ್ಲಿ ಬೇರೆ ರೀತಿ ಬರೆದೆ ಎಂದಷ್ಟೇ ಬರೆದೆ. ಅದೇ ಮಾತನ್ನು ಆಗ ನನ್ನ ಮೇಲಿದ್ದವರಿಗೂ ಬರೆದು ಕಳಿಸಿದೆ. ಅವರಿಂದ ಉತ್ತರ ಬರಲಿಲ್ಲ. ಅವಳಿಂದ ಎರಡು ದಿನಕ್ಕೆ ಬಂತು: "ಥ್ಯಾಂಕ್ಸ್ ಸರ್. ಈಗ ಬ್ಯಾಕಪ್ ರಿಸ್ಟೋರ್ ಮಾಡಿ ನೋಡ್ತೀರಾ?"

ನೋಡುತ್ತಿರಲಿಲ್ಲ. ಆ ಘಟನೆಯ ನಂತರ ಒಂದು ವರ್ಷ ನೋಡಿದ್ದೆವು, ಆಮೇಲೆ ಬಿಟ್ಟುಹೋಗಿತ್ತು. ಈಗ ತಿಂಗಳ ಮೊದಲ ಸೋಮವಾರ ತಂಡದಲ್ಲಿ ಎಲ್ಲರಿಗಿಂತ ಹೊಸಬರು ಯಾವುದಾದರೂ ಒಂದು ಫೈಲನ್ನು ಆರಿಸುತ್ತಾರೆ, ಬ್ಯಾಕಪ್‌ನಿಂದ ಅದನ್ನು ತೆಗೆದು ಎಲ್ಲರೆದುರು ತೆರೆಯುತ್ತೇವೆ. ಅರ್ಧ ಗಂಟೆಯ ಕೆಲಸ. ಹೋದ ತಿಂಗಳು ಒಂದು ಫೈಲ್ ತೆರೆಯಲಿಲ್ಲ. ರಿಲೀಸ್ ಎರಡು ದಿನ ಮುಂದೆ ಹೋಯಿತು.