ತೋಳವಾದ ಮಗ, ತಂದೆಯ ಕೈಯ ಕೋಲು



ಬಳ್ಳಾರಿಯ ನಮ್ಮ ಕೆಲವು ಯುವಕರು ಒಂದು ಸಂಜೆ ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಚಿತ್ರವೊಂದನ್ನು ಹಾಕಿಕೊಂಡು ಕುಳಿತಿದ್ದರು. 1941ರ ಡಿಸೆಂಬರಿನಲ್ಲಿ ಬಿಡುಗಡೆಯಾದ 'ದಿ ವುಲ್ಫ್ ಮ್ಯಾನ್' ಅದು. ನಗಾಡಲೆಂದೇ ಹಾಕಿದ್ದರು. ನಾನೂ ಜೊತೆಗೆ ಕುಳಿತೆ. ಸುಮಾರು 70 ನಿಮಿಷಗಳ ಚಿತ್ರ ಮುಗಿಯುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಎಂಟು ದಶಕಗಳು ಕಳೆದರೂ ಜನರು ಇದನ್ನು ಬಿಡದೆ ನೋಡುವುದೇಕೆ?

ಕಥೆ ಸರಳ. ಲ್ಯಾರಿ ಟಾಲ್ಬಟ್ ಎಂಬವನು 18 ವರ್ಷಗಳ ಬಳಿಕ ಅಮೆರಿಕದಿಂದ ತಂದೆಯ ಮನೆಗೆ ಮರಳುತ್ತಾನೆ. ಒಂದು ರಾತ್ರಿ ತೋಳದ ಬಾಯಿಗೆ ಸಿಕ್ಕ ಯುವತಿಯನ್ನು ಉಳಿಸಲು ಓಡಿಹೋಗಿ, ತಾನೇ ಕಚ್ಚಿಸಿಕೊಳ್ಳುತ್ತಾನೆ. ಆಮೇಲೆ ರಾತ್ರಿಯಾದರೆ ತೋಳ, ಬೆಳಗಾದರೆ ಮನುಷ್ಯ. ಲಾನ್ ಚೇನಿ ಜೂನಿಯರ್ ಈ ಪಾತ್ರ ಮಾಡಿದ್ದಾರೆ. ಮಂಜು ಮುಸುಕಿದ ಕಾಡು, ಮುಖದ ಮೇಲಿನ ಕೂದಲು, ಇವುಗಳಿಂದ ಹುಟ್ಟುವ ಭಯ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಒಳ್ಳೆಯ ಮನುಷ್ಯನೊಬ್ಬ ತನಗೆ ತಾನೇ ಹೆದರುವುದು ಇದೆಯಲ್ಲ, ಅದು ನಮ್ಮನ್ನು ಬಿಡುವುದಿಲ್ಲ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಪ್ಲೇಟೊನ 'ರಿಪಬ್ಲಿಕ್' ನಮಗೆ ಪಾಠವಾಗಿತ್ತು. ಸಭ್ಯರೆನಿಸಿದವರಲ್ಲಿಯೂ ಒಂದು ಕಾಡುಮೃಗ ಮಲಗಿರುತ್ತದೆ, ಕನಸಿನಲ್ಲಿ ಅದು ಎದ್ದು ಬರುತ್ತದೆ ಎಂದು ಆತ ಅಲ್ಲಿ ಹೇಳುತ್ತಾನೆ. ತಾನು ಬಯಸುವ ಒಳಿತನ್ನು ಮಾಡಲಾಗದೆ, ಬಯಸದ ಕೆಡುಕನ್ನೇ ಮಾಡುತ್ತೇನೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಗೋಳಾಡುವುದೂ ಇದನ್ನೇ. ಚಿತ್ರಕಥೆ ಬರೆದ ಕರ್ಟ್ ಸಿಯೋಡ್ಮಾಕ್ ಯೆಹೂದಿ. ಹಿಟ್ಲರನ ಜರ್ಮನಿಯನ್ನು ತೊರೆದು ಬಂದವರು. ಓದುಬರಹ ಬಲ್ಲ ಸಮಾಜವೇ ತೋಳವಾದ ಕಾಲವದು.

ಚಿತ್ರದಲ್ಲಿ ಒಂದು ದೃಶ್ಯವಿದೆ. ಲ್ಯಾರಿ ಚರ್ಚಿಗೆ ಬರುತ್ತಾನೆ. ಕುಳಿತವರೆಲ್ಲ ಒಬ್ಬೊಬ್ಬರಾಗಿ ಹಿಂದಿರುಗಿ ಅವನನ್ನು ನೋಡುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಅವನು ಕೂರಲಾರದೆ ಹೊರಟುಹೋಗುತ್ತಾನೆ.

ಅದನ್ನು ನೋಡಿ ನನಗೆ ಎದೆ ಚುಚ್ಚಿದಂತಾಯಿತು. ಸಿರುಗುಪ್ಪದ ಕಡೆ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಒಬ್ಬರಿದ್ದರು. ಅವರ ಹೆಂಡತಿ ಒಮ್ಮೆ ನನಗೆ ಹೇಳಿದ್ದರು: "ಹಗಲೊತ್ತಿನ್ಯಾಗ ನಮ್ಮವ್ರು ಬಂಗಾರದಂಥ ಮನುಷ್ಯಾರೀ ಫಾದರ್, ಹೊತ್ತು ಮುಣುಗಿದ್ರ ಬ್ಯಾರೇನ ಆಗ್ತಾರ." ಒಂದು ಭಾನುವಾರ ಆತ ಬಲಿಪೂಜೆಯ ನಡುವೆ ಬಾಗಿಲಲ್ಲಿ ಬಂದು ನಿಂತರು. ಕುಡಿದಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಪೀಠದ ಬಳಿಯಿಂದ ನಾನೂ ಪ್ರಸಂಗ ನಿಲ್ಲಿಸಿ ನೋಡಿದೆ. ಆತ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. "ಒಳಗೆ ಬಾರಪ್ಪಾ" ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಆ ಭಾನುವಾರದ ಪಾಪವನ್ನು ನಾನು ನಿವೇದಿಸಿದ್ದೇನೆ, ಆದರೂ ಮರೆತಿಲ್ಲ.

ಸಂತ ಮಾರ್ಕರ ಶುಭಸಂದೇಶದ ಐದನೆಯ ಅಧ್ಯಾಯವನ್ನು ಮನೆಯಲ್ಲಿ ತೆರೆದು ಓದಿರಿ. ಸಮಾಧಿಗಳ ನಡುವೆ ಹಗಲಿರುಳು ಅರಚುತ್ತಾ, ಕಲ್ಲಿನಿಂದ ತನ್ನನ್ನೇ ಜಜ್ಜಿಕೊಳ್ಳುತ್ತಿದ್ದ ಒಬ್ಬನಿದ್ದ. ಊರವರಿಗೆ ತಿಳಿದಿದ್ದ ಮದ್ದು ಸರಪಳಿಯೊಂದೇ. ಯೇಸುಸ್ವಾಮಿ ಅವನ ಹತ್ತಿರ ನಿಂತು ಹೆಸರು ಕೇಳಿದರು. ಗುಣವಾದ ಮೇಲೆ ಅವನನ್ನು ಮನೆಗೆ, ಅವನ ಸ್ವಂತ ಜನರ ಬಳಿಗೆ ಕಳುಹಿಸಿದರು.

ಚಿತ್ರದಲ್ಲಿ ಹಾಗಾಗುವುದಿಲ್ಲ. ಮಗ ಎಷ್ಟು ಹೇಳಿಕೊಂಡರೂ ತಂದೆ ನಂಬುವುದಿಲ್ಲ. ಬುದ್ಧಿಯ ಮಾತು ಹೇಳುತ್ತಾನೆ. ಕೊನೆಗೆ ಬೆಳ್ಳಿಯ ಹಿಡಿಯ ಕೋಲಿನಿಂದ ತೋಳವನ್ನು ಬಡಿದು ಕೊಲ್ಲುತ್ತಾನೆ. ನೋಡನೋಡುತ್ತಿದ್ದಂತೆ ಸತ್ತ ತೋಳದ ಮುಖ ಮಗನ ಮುಖವಾಗುತ್ತದೆ. ಸಾವಿನ ಹೊರತು ಬಿಡುಗಡೆಯಿಲ್ಲ ಎಂಬುದು ಆ ಕಥೆ. ನಮ್ಮ ವಿಶ್ವಾಸ ಇದನ್ನು ಒಪ್ಪುವುದಿಲ್ಲ. ದುಂದುಗಾರ ಮಗನ ತಂದೆ ದೂರದಿಂದಲೇ ಕಂಡು ಓಡಿಹೋದದ್ದು ಅಪ್ಪಿಕೊಳ್ಳಲು.

ಹಾಗೆಂದು, ತಾಯಂದಿರೇ, ಕ್ಷಮೆ ಎಂದರೆ ಏಟು ತಿನ್ನುತ್ತಾ ಬಾಯಿ ಮುಚ್ಚಿಕೊಂಡಿರುವುದಲ್ಲ. ಲ್ಯಾರಿಯೇ ತನ್ನ ಕೈಗೆ ಸಿಗದಂತೆ ತನ್ನವರು ದೂರವಿರಬೇಕೆಂದು ಬಯಸಿದ್ದ. ಗುಬ್ಬಿಯೋ ಪಟ್ಟಣದ ತೋಳಕ್ಕೆ ಸಂತ ಫ್ರಾನ್ಸಿಸ್ಸರು ಮೊದಲು ಹೇಳಿದ್ದು ಕೊಲ್ಲುವುದನ್ನು ನಿಲ್ಲಿಸೆಂದು. ಬಳಿಕ ಅದಕ್ಕೆ ಊಟವಿಡಿರೆಂದು ಊರವರಿಗೆ ಹೇಳಿದರು. ಎರಡೂ ಬೇಕು. ಮಕ್ಕಳನ್ನು ಕಾಪಾಡಿರಿ, ಹಿರಿಯರಿಗೆ ತಿಳಿಸಿರಿ, ಕುಡಿತಕ್ಕೆ ಆಸ್ಪತ್ರೆಯಲ್ಲಿ ಚಿಕಿತ್ಸೆಯಿದೆಯೆಂಬುದನ್ನು ಮರೆಯದಿರಿ.

ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಇಂದು ನಿಜವಾದ ತೋಳಗಳಿಗೇ ನೆಲೆ ಮಾಡಿಕೊಟ್ಟಿದ್ದಾರೆ. ಕುರುಗೋಡಿನಲ್ಲಾಗಲಿ, ಸಿರುಗುಪ್ಪದಲ್ಲಾಗಲಿ, ಬಳ್ಳಾರಿಯಲ್ಲಾಗಲಿ, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಮನುಷ್ಯನಿಗೆ ನಮ್ಮ ಬೆಂಚಿನಲ್ಲಿ ಒಂದು ಜಾಗ ಇರಬೇಡವೇ? ಮುಂದಿನ ಭಾನುವಾರ ಅಂಥವರು ಬಂದರೆ ತಿರುಗಿ ನೋಡಬೇಡಿರಿ. ಸರಿದು ಕುಳಿತು ಜಾಗ ಕೊಡಿರಿ. ಆ ಸಹೋದರ ಮರಳಿ ಬರಲೆಂದು ನಾನು ಇನ್ನೂ ಬಾಗಿಲ ಕಡೆ ನೋಡುತ್ತಿದ್ದೇನೆ. ನೀವೂ ಅವರಿಗಾಗಿ ಒಂದು ಜಪ ಹೇಳಿರಿ.