ಅಣ್ಣನಿಗೆ ಹಿಡಿದ ಬಿಪಿ ಮಾತ್ರೆ

"ನಮ್ಮಣ್ಣನಿಗೆ ಈ ಮಾತ್ರೆ ಚೆನ್ನಾಗಿ ಹಿಡಿದಿದೆ, ನೀವೂ ಅದನ್ನೇ ತಗೊಳ್ಳಿ." ಮದುವೆಮನೆಯ ಊಟದ ಸಾಲಿನಲ್ಲಿ, ಬೆಳಗಿನ ವಾಕಿಂಗಿನಲ್ಲಿ ಇಂಥ ಸಲಹೆಗೆ ಬರವಿಲ್ಲ. ಇಬ್ಬರಿಗೂ ಬಿಪಿ 160/100 ಇರಬಹುದು. ಹಾಗೆಂದು ಇಬ್ಬರಿಗೂ ಒಂದೇ ಮಾತ್ರೆ ಆಗಿಬರಬೇಕೆಂದಿಲ್ಲ. ಅವರವರ ಮೈಯಲ್ಲಿ ಬೇರೆ ಏನೇನು ಕಾಯಿಲೆ ಇದೆ ಎಂಬುದರ ಮೇಲೆ ಮಾತ್ರೆಯ ಆಯ್ಕೆ ನಿಲ್ಲುತ್ತದೆ.

ಸಕ್ಕರೆ ಕಾಯಿಲೆಯಿದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ವೈದ್ಯರು ಮೊದಲು ನೆನೆಯುವುದು ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್. ಬಿಪಿ ಇಳಿಸುವುದರ ಜೊತೆಗೆ ಕಿಡ್ನಿ ಕೆಡುವುದನ್ನೂ ಇವು ನಿಧಾನಿಸುತ್ತವೆ. ಆದರೆ ಇವೇ ಮಾತ್ರೆಗಳು ಬಸುರಿಯರಿಗೆ ಸಲ್ಲವು. ಹೊಟ್ಟೆಯೊಳಗಿನ ಮಗುವಿನ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಬಸುರಿಯರಿಗೆ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಇವೆ. ಬಿಪಿಗೆ ಮಾತ್ರೆ ನುಂಗುತ್ತಿರುವ ಹೆಣ್ಣುಮಕ್ಕಳು ಮಗು ಬೇಕೆಂದು ಯೋಚಿಸುವಾಗಲೇ ವೈದ್ಯರಿಗೆ ತಿಳಿಸಬೇಕು, ಮುಟ್ಟು ನಿಂತ ಮೇಲಲ್ಲ. ಜೊತೆಗೆ ಅತ್ತೆ ಇದ್ದಾರೆಂದು ಸಂಕೋಚಪಟ್ಟು ಈ ಮಾತನ್ನು ನುಂಗಿಕೊಳ್ಳಬೇಡಿ, ತಾಯಿ.

ಉಬ್ಬಸದವರಿಗೆ ಪ್ರೊಪ್ರನೊಲಾಲ್ ಕೊಟ್ಟರೆ ಶ್ವಾಸನಾಳ ಬಿಗಿದು ಜೀವಕ್ಕೇ ಸಂಚಕಾರ ಬರಬಹುದು. ಅದೇ ವರ್ಗದ ಮೆಟೊಪ್ರೊಲಾಲ್ ಹೃದಯಾಘಾತವಾದವರಿಗೆ ಆಸರೆ. ಕಾಲ್ಬೆರಳನ್ನು ಕೆಂಪಾಗಿಸಿ ಊದಿಸುವ ಗೌಟ್ ಇದ್ದರೆ, ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಯೂರಿಕ್ ಆಸಿಡ್ ಏರಿಸಿ ನೋವನ್ನು ಕೆರಳಿಸುತ್ತದೆ.

ನನಗೆ ಹೆಚ್ಚು ಕಳವಳ ತರುವುದು ಮನೆಮನೆಯಲ್ಲಿ ನಡೆಯುವ ಸಣ್ಣ ಸಂಗತಿಗಳು. ಆಮ್ಲೋಡಿಪಿನ್‌ನಿಂದ ಪಾದ ಊದಿದರೆ ಕಿಡ್ನಿಯೇ ಹೋಯಿತೆಂದು ಹೆದರುತ್ತೇವೆ. ರಾಮಿಪ್ರಿಲ್‌ನಿಂದ ಒಣಕೆಮ್ಮು ಬಂದರೆ ತಿಂಗಳುಗಟ್ಟಲೆ ಕೆಮ್ಮಿನ ಸಿರಪ್ ಕುಡಿಯುತ್ತೇವೆ. ಎರಡಕ್ಕೂ ಪರಿಹಾರ ವೈದ್ಯರ ಬಳಿಯೇ ಇದೆ: ಪ್ರಮಾಣ ತಗ್ಗಿಸುವುದು ಅಥವಾ ಮಾತ್ರೆ ಬದಲಿಸುವುದು. ಕಿಡ್ನಿ ದುರ್ಬಲವಾಗಿದ್ದು ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರು ತಂಪೆಂದು ದಿನವೂ ಎಳನೀರು ಕುಡಿದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಕೇಳಿ ತರುವ ಡೈಕ್ಲೋಫೆನಾಕ್ ಬಿಪಿಯನ್ನೂ ಏರಿಸುತ್ತದೆ, ಕಿಡ್ನಿಗೂ ಹೊರೆ.

ಹಾಗೆಂದು ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಯ ಹಾಳೆಗಳನ್ನೆಲ್ಲ, ನೋವಿನ ಮಾತ್ರೆ, ನಾಟಿ ಔಷಧಿಯ ಪುಡಿ ಸೇರಿಸಿ, ಒಂದು ಚೀಲದಲ್ಲಿ ಕೊಂಡೊಯ್ದು ಅವರ ಮುಂದಿಡಿ. ಉಬ್ಬಸ, ಸಕ್ಕರೆ, ಗೌಟ್ ಏನಿದ್ದರೂ ಅವರು ಕೇಳುವ ಮೊದಲೇ ಹೇಳಿಬಿಡಿ.