ತಗಡೂರಿನ ನೆಲ್ಲಿಕಾಯಿ, ಹೃದಯದ ನಳಿಗೆ

ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿನ ದೊರೆ ಅದಿಯಮಾನ್ ಆಯುಸ್ಸು ಹೆಚ್ಚಿಸುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟನೆಂದು ಸಂಗಂ ಸಾಹಿತ್ಯ ಹೇಳುತ್ತದೆ. ಆಯುಸ್ಸು ಯಾರ ಸೊತ್ತು?

ಇಂದಿನ ನೆಲ್ಲಿಕಾಯಿ ಒಂದು ಪ್ಲಾಸ್ಟಿಕ್ ನಳಿಗೆ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಕ್ಯಾನುಲಾ ಎಂಬ ಇಂಥ ಒಂದು ನಳಿಗೆ ಬಲ ಹೃತ್ಕರ್ಣದ ಕಪ್ಪುಗೆಂಪು ರಕ್ತವನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ಸಾಗಿಸುತ್ತದೆ. ಇನ್ನೊಂದು, ಆಮ್ಲಜನಕ ತುಂಬಿದ ರಕ್ತವನ್ನು ಮಹಾಪಧಮನಿಗೆ ಮರಳಿಸುತ್ತದೆ. ಅಷ್ಟು ಹೊತ್ತು ಸಾಮಾನ್ಯವಾಗಿ ಹೃದಯ ನಿಂತೇ ಇರುತ್ತದೆ.

ಇಂಥ ನಳಿಗೆಗೆ ಸಂತೆಯ ದರ ಸಲ್ಲುವುದೇ? ಸೇಲಂನ ಕನ್ನಡ ದೇವಾಂಗ ನೇಕಾರ ಸೀರೆಗೆ ಚೌಕಾಸಿ ಮಾಡಬಲ್ಲ; ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನಿಗೆ ಆ ಅವಕಾಶವಿಲ್ಲ. 2017ರ ಫೆಬ್ರುವರಿಯಲ್ಲಿ ಕೇಂದ್ರವು ಹೃದಯದ ರಕ್ತನಾಳವನ್ನು ತೆರೆದಿಡುವ ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಮಿತಿ ಹಾಕಿತು. 2020ರ ಏಪ್ರಿಲ್‌ನಿಂದ ಉಳಿದ ವೈದ್ಯಕೀಯ ಸಾಧನಗಳ ಬೆಲೆಯೂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರುವಂತಿಲ್ಲ. ಕಡಿವಾಣ ಬಿದ್ದದ್ದು ಏರಿಕೆಗೆ, ಮೂಲ ಬೆಲೆಗಲ್ಲ.

ಹೃದಯದ ಕ್ಯಾನುಲಾಗೂ ಸ್ಟೆಂಟಿನಂತೆಯೇ ಸರ್ಕಾರ ಮಿತಿ ಗೊತ್ತುಮಾಡಬೇಕು.